ಸೂಜಿ ಬೇಡವೆಂದ ದಾಕ್ಷಾಯಣಿ

ಗದಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದ ದಾಕ್ಷಾಯಣಿ ಮೂರು ತಿಂಗಳಿಂದ ಹುಮ್ಮಸ್ಸಿನ ಸೂಜಿ ಹಾಕಿಸಿಕೊಂಡಿರಲಿಲ್ಲ. ದುಡಿಯುವವರೆಲ್ಲ ದಿನಾ ಬೆಳಿಗ್ಗೆ ವಾರ್ಡಿನ ಕಚೇರಿಗೆ ಹೋಗಿ ತೋಳು ಚಾಚಬೇಕೆಂಬ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು.

ಸೋಮವಾರ ಸೂಜಿ ಇಲಾಖೆಯ ಬಳಿಗಾರ ಸಾಹೇಬರು ಬಂದು ಅವಳ ಮಣಿಕಟ್ಟಿಗೆ ಹುಮ್ಮಸ್ಸು ಅಳೆಯುವ ಮೀಟರ್ ಹಿಡಿದರು.

“ಸೊನ್ನಿ ತೋರಸಾಕತ್ತೈತಿ ಅಕ್ಕಾರ. ಸೂಜಿ ಇಲ್ದ ಕೆಲಸಾ ಮಾಡೋ ಮನಸ್ಸು ಹೆಂಗ ಬರತೈತಿ?”

ದಾಕ್ಷಾಯಣಿ ತಾಮ್ರದ ತಂತಿ ಸುತ್ತುತ್ತಲೇ ಹೇಳಿದಳು, “ಒಮ್ಮೊಮ್ಮೆ ಬರೂದಿಲ್ರೀ. ಅವತ್ತು ಬ್ಯಾಸರದಾಗ ಮಾಡತೇನಿ.”

“ಹಾಕಿಸಿಕೊಂಡ್ರ ದಿನಾ ಖುಷಿ ಇರತೈತಲ್ಲ?”

“ಆ ಖುಷಿಯೊಳಗನ ಗಿರಣಿ ಮೋಟಾರ್ ತಪ್ಪು ಸುತ್ತಿದ್ದೆ. ಅದು ಸುಟ್ಟು ಹೊಗಿ ಬಂದ್ರೂ ನಕ್ಕೋಂತ ನಿಂತಿದ್ದೆ. ನನಗ ನನ್ನ ತಪ್ಪು ಚುಚ್ಚಬೇಕ್ರೀ ಸಾಹೇಬ್ರ, ನಿಮ್ಮ ಸೂಜಿ ಅಲ್ಲ.”

ಸಾಹೇಬರಿಗೆ ಕೋಪ ಬರಲಿಲ್ಲ. ಅವರೂ ಬೆಳಿಗ್ಗೆ ಸೂಜಿ ಹಾಕಿಸಿಕೊಂಡಿದ್ದರು. ನಗುನಗುತ್ತಲೇ ಅವಳನ್ನು ಹೊರಗೆ ಕಳಿಸಿ, ಷಟರ್ ಎಳೆದು, ಬೀಗಕ್ಕೆ ಅರಗಿನ ಮುದ್ರೆ ಒತ್ತಿ ಹೋದರು. ಹನ್ನೊಂದು ವರ್ಷ ಕೂತ ಜಾಗ ಹೀಗೆ ಮುಚ್ಚಿದ್ದನ್ನು ನೋಡುತ್ತ ದಾಕ್ಷಾಯಣಿ ಕತ್ತಲಾಗುವವರೆಗೆ ಮೆಟ್ಟಿಲ ಮೇಲೇ ಕೂತಿದ್ದಳು. ಮೀಟರಿಗೆ ಈ ಸಂಕಟ ಅಳೆಯುವ ಮುಳ್ಳೇ ಇರಲಿಲ್ಲ.

ಮರುದಿನ ಅವಳು ಎದುರಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಬರೆದಳು: ‘ಇಲ್ಲಿ ಸೂಜಿ ಇಲ್ಲದೆ ಕೆಲಸ ಮಾಡಲಾಗುತ್ತದೆ.’

ಮಧ್ಯಾಹ್ನದ ಹೊತ್ತಿಗೆ ಮರದ ಸುತ್ತ ಏಳು ಮೋಟಾರುಗಳಿದ್ದವು. ಎಂಟನೆಯದನ್ನು ಹೊತ್ತು ತಂದವರು ಬಳಿಗಾರ ಸಾಹೇಬರ ಹೆಂಡತಿ.