ಐದನೆಯ ಪ್ರಶ್ನೆ

“ಯವ್ವಾ, ಬ್ಯಾರೇದವರಿಗೆ ಕೇಳದ ಸಣ್ಣ ಸಪ್ಪಳ ನಿನಗ ಕೇಳಿಸ್ತದೇನು?”

ಇಳಕಲ್ಲಿನ ಇಂಟರ್ನೆಟ್ ಸೆಂಟರಿನಿಂದ ಮುದ್ರಿಸಿ ತಂದಿದ್ದ ಆಟಿಸಂ ಪ್ರಶ್ನಾವಳಿಯ ಐದನೆಯ ಪ್ರಶ್ನೆಯನ್ನು ಚೇತನಾ ಓದಿದಳು. ಇಂಥವಕ್ಕೆಲ್ಲ ಹೌದೆಂದು ತಾನು ಬರೆದು ಐವತ್ತಕ್ಕೆ ಮೂವತ್ತೊಂಬತ್ತು ಬಂದಾಗಿನಿಂದ, ‘ನೀವು ಉಳಿದವರಂತಲ್ಲ’ ಎಂಬ ಕೊನೆಯ ಸಾಲು ಅವಳ ತಲೆ ತಿನ್ನುತ್ತಿತ್ತು.

ಮಗ್ಗದಲ್ಲಿ ಕುಳಿತಿದ್ದ ತಾಯಿ ಸುಂದರವ್ವ ಕೈ ತಡೆದು, ಗೋಡೆಯತ್ತ ತಿರುಗಿ ಕೂಗಿದಳು: “ಕಾಳವ್ವಾ, ನಿನ್ನ ಲಾಳಿ ಸಪ್ಪಳ ಬದಲಾತು. ಎಳಿ ಹರದಿರಬೇಕ ನೋಡ!”

“ಹೌದ್ರಿ ಅಕ್ಕಾ, ಹರದೈತಿ!” ಎಂದಳು ಪಕ್ಕದ ಮನೆಯ ಕಾಳವ್ವ.

“ನನಗೂ ಕೇಳಿಸ್ತು!” ಎಂದು ಅದರಾಚೆಯ ಮನೆಯಿಂದ ದುರ್ಗಪ್ಪ ದನಿಗೂಡಿಸಿದ.

ಚೇತನಾ ಬಿದ್ದು ಬಿದ್ದು ನಕ್ಕಳು. ನೇಕಾರರ ಓಣಿಯನ್ನೇ ಕಾಣದ ಆ ಪ್ರಶ್ನೆಗೆ, ಪೆನ್ನು ತೆಗೆದು, ಈ ಸಲ ತಾನೇ ಅಂಕ ಹಾಕಿದಳು: ದುಂಡನೆಯ ಸೊನ್ನೆ.