ಚಂದಮ್ಮನ ಷರತ್ತು

ಸರ್ಕಾರದ ಆರೋಗ್ಯ ವಿಮೆಗೆ ಮಕ್ಕಳ ಒಪ್ಪಿಗೆಯನ್ನು ಮಕ್ಕಳೇ ಹೇಳಬೇಕೆಂಬ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ದೊಡ್ಡವರು ಪುಸಲಾಯಿಸಿದರೆ ನೋಂದಣಿ ಯಂತ್ರಕ್ಕೆ ತಿಳಿದುಬಿಡುತ್ತಿತ್ತು. ಅದಕ್ಕೇ ನೋಂದಣಿ ಕಾರ್ಯಕರ್ತೆ ಮಹಾನಂದಾಳಿಗೆ ಅನುದಾನದ ಹಣದಲ್ಲಿ, ಮಕ್ಕಳೊಡನೆ ಮಾತಾಡುವುದು ಹೇಗೆಂದು ಮೂರು ತಿಂಗಳು ತರಬೇತಿ ಕೊಟ್ಟಿದ್ದರು. ಕಲ್ಲುಗಣಿಯ ಕಾಲೊನಿಯಲ್ಲಿ ಆರು ವರ್ಷದ ಚಂದಮ್ಮ ಅದನ್ನೆಲ್ಲ ಒಂದೇ ಮಾತಿಗೆ ಮುಗಿಸಿದಳು.

"ನಂಗ ಬ್ಯಾಡ. ದವಾಖಾನ್ಯಾಗ ಸೂಜಿ ಚುಚ್ತಾರ."

ಧೂಳು ಕುಡಿದ ಹುಡುಗಿಯ ಎದೆ ಸುಯ್‌ಗುಡುತ್ತಿತ್ತು. ಅನುದಾನ ಅಂದೇ ಮುಗಿಯುವುದಿತ್ತು, ಆಮೇಲೆ ಇಲ್ಲಿ ನೋಂದಣಿ ಮಾಡಿಸುವಂತಿರಲಿಲ್ಲ. ಮಹಾನಂದಾ ಬೊಂಬೆ ಕುಣಿಸಿದಳು, ಹಾಡಿದಳು. ಯಂತ್ರ ಎರಡು ಸಲ "ಪುಸಲಾಯಿಸಬೇಡಿ" ಎಂದು ಗದರಿತು. ಕಲಿತದ್ದೆಲ್ಲ ಖಾಲಿಯಾಗಿ ಅವಳು ನೆಲಕ್ಕೆ ಕುಳಿತಳು.

"ಖರೇ ಹೇಳ್ತೀನಿ, ಸೂಜಿ ಅಂದ್ರ ನಂಗೂ ಹೆದರಿಕಿ. ಹೋದ ವರ್ಷ ಡಾಕ್ಟರ್ ಸೂಜಿ ತಗಿಯೂದ್ರಾಗ ಓಡಿ ಬಂದೀನಿ."

"ಇಷ್ಟ್ ದೊಡ್ಡಾಕಿ ಆಗಿ?" ಚಂದಮ್ಮ ಕೆಮ್ಮುತ್ತಲೇ ನಕ್ಕಳು. ಆಮೇಲೆ ಯಂತ್ರದ ಕಡೆ ಬಾಗಿ, "ನನ್ನ ಹೆಸರು ಬರ್ಕೋ. ಆದ್ರ ಮೊದಲ ಸೂಜಿ ಈ ಅಕ್ಕಾಗ" ಎಂದಳು.

ಯಂತ್ರ ತಕರಾರಿಲ್ಲದೆ ಚೀಟಿ ಕೊಟ್ಟಿತು: ನೋಂದಣಿ ಆಗಿದೆ, ಷರತ್ತು ಒಂದು, ನಾಳೆ ಒಂಬತ್ತಕ್ಕೆ ಇಬ್ಬರೂ ದವಾಖಾನೆಗೆ ಬರತಕ್ಕದ್ದು. ಮಹಾನಂದಾ ಚೀಟಿಗೆ ಸಹಿ ಹಾಕಿದಳು.