ಸದ್ದಿಲ್ಲದ ಕಾರು

‘ಇಡ್ತೇನಿ ನೀಲಾ, ಅವರು ಬಂದಾರು,’ ಎಂದು ಶಿಗ್ಗಾವಿಯ ಕಾರು ವ್ಯಾಪಾರಿಯ ಅಂಗಳದಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟಿ ಕಸ್ತೂರಿ ತಿರುಗಿದಳು. ಓಡಿಸಿ ನೋಡಲು ಗಂಡ ಗುಡ್ಡಪ್ಪ ಒಯ್ದಿದ್ದ ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕಾರು ಬ್ಯಾಟರಿಯ ಮೇಲೆ ಸದ್ದಿಲ್ಲದೆ ಉರುಳಿ ಅವಳ ನೆರಿಗೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತ್ತು.

ಜಾತಿ ಬಿಟ್ಟು ಮದುವೆಯಾದ ತನ್ನ ತಂಗಿ ನೀಲಾಳೊಡನೆ ಮಾತಾಡುವುದಿಲ್ಲವೆಂದು ಅವನು ಕಸ್ತೂರಿಯಿಂದ ಮನೆದೇವರ ಮುಂದೆ ಆಣೆ ಹಾಕಿಸಿದ್ದ. ದಿನಾ ಹಾನಗಲ್ಲಿನ ಕೆಲಸ ಮುಗಿಸಿ ಬರುವ ಅವನ ಹಳೆಯ ಡೀಸೆಲ್ ಕಾರಿನ ಸದ್ದು ಓಣಿಯ ತಿರುವಿನಲ್ಲೇ ಕೇಳುತ್ತಿತ್ತು. ಅಷ್ಟರಲ್ಲಿ ಫೋನು ಇಟ್ಟು ಒಲೆಯ ಮುಂದೆ ನಿಲ್ಲಲು ಅವಳಿಗೆ ಹೊತ್ತು ಸಿಗುತ್ತಿತ್ತು.

‘ಅಲ್ಲಿ ನಿಂತಿರೋ ಆ ದೊಡ್ಡ ಡೀಸೆಲ್ ಸೆಡಾನ್ ತಗೋರಿ,’ ಎಂದಳು, ಫೋನನ್ನು ಸೆರಗಿನಲ್ಲಿ ಮುಚ್ಚುತ್ತ. ‘ನಿಮ್ಮ ಮಾನಕ್ಕ ಅದ ಒಪ್ಪತೈತಿ.’

ಗುಡ್ಡಪ್ಪ ಆ ಸೆರಗನ್ನೇ ನೋಡಿದ. ಸಿಟ್ಟಾಗಲಿಲ್ಲ. ವ್ಯಾಪಾರಿಯತ್ತ ತಿರುಗಿ ನಕ್ಕ. ‘ಇದನ್ನ ಕೊಡ್ರಿ. ಬಾಗಿಲಿಗೆ ಬಂದು ನಿಂತ್ರೂ ಒಳಗಿದ್ದೋರಿಗೆ ಗೊತ್ತಾಗಂಗಿಲ್ಲ.’